ಬೀಸುವ ಕಲ್ಲು ಮತ್ತು ಪಾಲಿಶ್ ಮಷಿನ್

ಮಾರತ್ತಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾರು ಒರೆಸುವ ನನ್ನ ಅಣ್ಣ ಪಾಲಿಶ್ ಮಾಡುವ ಮಷಿನ್ ಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ನಡೆದಿದೆ. ಕೊಳ್ಳಲೇಬೇಕು ಎಂಬುದು ನನ್ನ ವಾದ. ಇದನ್ನು ಸಾಹಿತ್ಯ ಪತ್ರಿಕೆಯಲ್ಲಿ ಬರೆಯಲು ಕಾರಣವಿದೆ. ಬೇಡ ಎನ್ನುವವರಲ್ಲಿ ಕಾರಿನ ಮಾಲೀಕರಷ್ಟೇ ಗಟ್ಟಿ ದನಿಯಲ್ಲಿ ನನ್ನ ಸಾಹಿತ್ಯದ ಗೆಳೆಯರೂ ಇದ್ದಾರೆ. ಮಾಲೀಕರಿಗೆ ಬಣ್ಣ ಸುಟ್ಟೀತೆಂಬ ಭಯ. ಗೆಳೆಯರಿಗೆ ಕೈಗೆಲಸದ ಘನತೆ ಹೋದೀತೆಂಬ ಕಳವಳ. ಭಯಕ್ಕೆ ಉತ್ತರವಿದೆ. ನನ್ನ ಜಗಳವಿರುವುದು ಕಳವಳದ ಜೊತೆ.

ಅಣ್ಣನ ಕೆಲಸ ಬೆಳಗಿನ ಐದಕ್ಕೆ ಶುರು. ಒಂಬತ್ತರೊಳಗೆ ಇಪ್ಪತ್ತೆರಡು ಕಾರು ಒರೆಸಿ ಮುಗಿಸಬೇಕು. ಭಾನುವಾರ ಯಾರಾದರೂ ಕೇಳಿದರೆ ಪಾಲಿಶ್. ಕಾಂಪೌಂಡ್ ಹಚ್ಚಿ, ಬಟ್ಟೆ ಸುತ್ತಿ, ಬಾನೆಟ್ಟಿನಿಂದ ಡಿಕ್ಕಿಯವರೆಗೆ ಕೈಯಲ್ಲೇ ಉಜ್ಜಿದರೆ ಒಂದು ಕಾರಿಗೆ ಆರು ಗಂಟೆ. ಸೋಮವಾರ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ವಯಸ್ಸು ಮೂವತ್ತನಾಲ್ಕು.

ಪಾಲಿಶ್ ಮಾಡಿಸುವುದೇ ಗೀರು ತೆಗೆಸಲು. ಆ ಗೀರು ಬರುವುದು ಎಲ್ಲಿಂದ? ಹೊರವರ್ತುಲ ರಸ್ತೆಯ ಪಕ್ಕ ನಿಂತ ಕಾರಿನ ಮೇಲೆ ದಿನವೂ ದೂಳು ಕೂರುತ್ತದೆ. ವರ್ಷಗಳಿಂದ ನಡೆದಿರುವ ಮೆಟ್ರೋ ಕಾಮಗಾರಿ ಅದಕ್ಕೆ ತನ್ನ ಪಾಲು ಸೇರಿಸಿದೆ. ಅದನ್ನು ಧಾರಾಳವಾಗಿ ನೀರು ಹರಿಸಿ ಮೊದಲು ತೊಳೆದು ಆಮೇಲೆ ಒರೆಸಬೇಕು. ನೀರೆಲ್ಲಿದೆ? 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕುವುದಾಗಿ ಹೇಳಿತು. ಆ ಬೇಸಿಗೆಯಲ್ಲಿ ಅದು ಸರಿಯಾದ ಆದೇಶವೇ. ನಮ್ಮ ಕಡೆ ಅದಕ್ಕೂ ಮೊದಲಿನಿಂದ ಟ್ಯಾಂಕರ್ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ಅಣ್ಣನಿಗೆ ಸಿಗುವುದು ಐದು ಕಾರಿಗೆ ಒಂದು ಬಕೆಟ್. ಮೂರನೆಯ ಕಾರಿನ ಹೊತ್ತಿಗೆ ಬಕೆಟ್ಟಿನ ತಳದಲ್ಲಿ ಮರಳು ಕೂತಿರುತ್ತದೆ, ಬಟ್ಟೆಯ ಎಳೆಯಲ್ಲೂ ಸೇರಿರುತ್ತದೆ. ಅದೇ ಬಟ್ಟೆ ನಾಲ್ಕನೆಯ ಕಾರಿನ ಮೇಲೆ ಸುತ್ತುತ್ತದೆ. ಆರು ತಿಂಗಳಲ್ಲಿ ಮಾಲೀಕರು ಬಿಸಿಲಿಗೆ ಕಾರು ತಂದು ನಿಲ್ಲಿಸಿ, ಜೇಡರ ಬಲೆಯ ಹಾಗೆ ಹೊಳೆಯುವ ಸುರುಳಿ ಗೀರುಗಳನ್ನು ತೋರಿಸಿ, 'ಏನಪ್ಪಾ ಇದು' ಎನ್ನುತ್ತಾರೆ. ಇನ್ನು ಬೋರ್‌ವೆಲ್ಲಿನ ಗಡಸು ನೀರು ಆರಿ ಉಳಿಸುವ ಬಿಳಿ ಕಲೆಗಳು ಬೇರೆ. ನೀರಿಲ್ಲದ್ದರಿಂದ ಬಿದ್ದ ಗೀರನ್ನು ಕೊನೆಗೆ ತೀರಿಸಬೇಕಾದದ್ದು ಒಬ್ಬನ ಭುಜ.

ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿನಷ್ಟೂ ಇಲ್ಲ. ಪಾಲಿಶ್ ಎಂದರೆ ಗೀರನ್ನು ತುಂಬುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ಗೀರಿನ ಆಳದವರೆಗೆ ಸುತ್ತಲಿನ ಪದರವನ್ನೇ ಸವೆಸಿ ಸಮ ಮಾಡುವುದು. ಹಾಗಾಗಿ ಎಷ್ಟು ಸವೆಯಿತು, ಎಲ್ಲ ಕಡೆ ಒಂದೇ ಸಮ ಸವೆಯಿತೇ ಎಂಬುದೇ ಇಡೀ ಕೆಲಸದ ಜೀವಾಳ. ಇದರಲ್ಲಿ ಕೈ ಸೋಲುತ್ತದೆ. ಬೆರಳ ತುದಿ ಒತ್ತಿದಲ್ಲಿ ಹೆಚ್ಚು, ಅಂಗೈ ಮೇಲೆದ್ದಲ್ಲಿ ಕಡಿಮೆ. ಮೊದಲ ಗಂಟೆಯ ಒತ್ತಡ ಐದನೆಯ ಗಂಟೆಯಲ್ಲಿರುವುದಿಲ್ಲ.

ಬಣ್ಣ ಸುಡುವ ಮಾತು ಸುಳ್ಳಲ್ಲ. ರೋಟರಿ ಎಂಬ ಹಳೆಯ ಬಗೆಯ ಮಷಿನ್ ಒಂದೇ ಅಚ್ಚಿನ ಮೇಲೆ ತಿರುಗುತ್ತದೆ. ಪಳಗದ ಕೈಯಲ್ಲಿ ಅದು ಒಂದೇ ಜಾಗದಲ್ಲಿ ನಿಂತರೆ ಶಾಖ ಏರಿ, ಬಾಗಿಲಿನ ಅಂಚುಗಳಲ್ಲಿ ಬಣ್ಣ ಹೋಗಿ ಪ್ರೈಮರ್ ಕಾಣುತ್ತದೆ. ಅಣ್ಣ ಜೆ.ಸಿ. ರಸ್ತೆಯಲ್ಲಿ ನೋಡಿ ಬಂದದ್ದು ಅದನ್ನಲ್ಲ, ಡ್ಯುಯಲ್ ಆ್ಯಕ್ಷನ್ ಎನ್ನುವುದನ್ನು. ಅದರ ಪ್ಯಾಡ್ ತಿರುಗುತ್ತಲೇ ಅಚ್ಚಿನಿಂದ ಆಚೀಚೆ ಓಲಾಡುತ್ತದೆ, ಶಾಖ ಒಂದೆಡೆ ಕೂಡುವುದಿಲ್ಲ. ಅತಿಯಾಗಿ ಒತ್ತಿದರೆ ಈ ಬಗೆಯ ಬಹುಪಾಲು ಮಷಿನ್‌ಗಳಲ್ಲಿ ಪ್ಯಾಡ್ ತಿರುಗುವುದನ್ನೇ ನಿಲ್ಲಿಸುತ್ತದೆ. ಬಾನೆಟ್ ತಣ್ಣಗಿರಬೇಕು, ಬಿಸಿಲು ತಾಕಬಾರದು. ಅದಕ್ಕೆ ಬೇಸ್‌ಮೆಂಟೇ ಸರಿಯಾದ ಜಾಗ. ಮಾಲೀಕರ ವಿಷಯ ಇಷ್ಟು ಸಾಕು.

ಗೆಳೆಯರ ಮಾತಿಗೆ ಬರುತ್ತೇನೆ. ನಾನು ಪಿಎಚ್‌ಡಿ ಮಾಡುತ್ತಿರುವುದು ಬೀಸುವ ಪದಗಳ ಮೇಲೆ. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದ ದಿನದಿಂದ ಇಂದಿನವರೆಗೆ ನಮ್ಮ ಜಾನಪದ ಅಧ್ಯಯನ ಆ ಹಾಡುಗಳಿಗೆ ಋಣಿ. ಆದರೆ ಗಿರಣಿ ಬಂದು ಹಾಡು ಸತ್ತಿತು ಎಂಬ ಗೋಳನ್ನು ನಮ್ಮ ಸೆಮಿನಾರುಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಕಲ್ಲು ತಿರುಗಿಸಿದವರನ್ನು ಕೇಳಿ ಹೇಳುವ ಮಾತಲ್ಲ ಅದು. ಮಾಲೂರಿನ ಕಡೆಯ ನಮ್ಮಜ್ಜಿಯನ್ನು ನಾನು ಕೇಳಿದ್ದೇನೆ. 'ಊರಿಗೆ ಮಿಷನ್ ಬಂದ್ ಮೇಲೇ ನಾನು ಬೆಳಕು ಹರಿಯೋವರ್ಗೂ ಮಲಗಿದ್ದು' ಎಂದಳು. ಹಾಡು ಬಿಟ್ಟುಹೋಯಿತಲ್ಲ ಅಜ್ಜಿ ಎಂದರೆ, 'ಹಾಡೇನು ಕಲ್ಲು ಹೇಳ್ತಿತ್ತಾ?' ಎಂದು ನನ್ನನ್ನೇ ಕೇಳಿದಳು. ಅಜ್ಜಿ ಆಮೇಲೂ ಹಾಡಿದ್ದಾಳೆ, ಮೊಮ್ಮಕ್ಕಳನ್ನು ತೂಗುತ್ತಾ, ಅವರೆಕಾಯಿ ಸುಲಿಯುತ್ತಾ. ಒರಳಲ್ಲಿ ರುಬ್ಬಿದ ಚಟ್ನಿಯ ರುಚಿಯೇ ಬೇರೆ ಎನ್ನುವವರು ನಮ್ಮಲ್ಲಿ ಬಹಳ. ಅವರಲ್ಲಿ ರುಬ್ಬಿದವರು ಎಷ್ಟು ಜನ?

ಗೆಳೆಯರು ಗಾಂಧಿಯನ್ನು ತರುತ್ತಾರೆ, 1909ರ 'ಹಿಂದ್ ಸ್ವರಾಜ್' ತರುತ್ತಾರೆ. ಅದೇ ಗಾಂಧಿ 1924ರಲ್ಲಿ ಯಂತ್ರಗಳ ಬಗ್ಗೆ ಕೇಳಿದಾಗ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಹೊಲಿಯುತ್ತಾ ಪಡುವ ಪಾಡನ್ನು ಕಂಡು ಪ್ರೀತಿಯಿಂದ ಮಾಡಿದ ಯಂತ್ರವದು ಎಂಬುದು ಅವರ ಸಮರ್ಥನೆ. ಅವರಿಗೆ ಬೇಡವಾಗಿದ್ದದ್ದು ಯಂತ್ರದ ಹುಚ್ಚು, ದುಡ್ಡನ್ನು ಕೆಲವರ ಕೈಗೆ ಸೇರಿಸುವ ಯಂತ್ರ. ಒಬ್ಬ ಕೆಲಸಗಾರನ ಚೀಲದಲ್ಲಿ ಹಿಡಿಯುವ, ಅವನದೇ ಆದ ಮಷಿನ್ ಯಾವ ಗುಂಪಿಗೆ ಸೇರುತ್ತದೆ? ಇನ್ನು ಅಂಬೇಡ್ಕರರನ್ನು ಓದಿದವರಿಗೆ ಈ ಪ್ರಶ್ನೆ ಏಳಲೇಬಾರದು. 1945ರ ಪುಸ್ತಕದಲ್ಲಿ ಗಾಂಧಿವಾದವನ್ನು ಒರೆಗೆ ಹಚ್ಚುವಾಗ ಅವರು ಹೇಳಿದ್ದು ಬಿಡುವಿನ ಬಗ್ಗೆ: ಯಂತ್ರವಿಲ್ಲದೆ ದುಡಿಯುವವನಿಗೆ ಬಿಡುವಿಲ್ಲ, ಬಿಡುವಿಲ್ಲದವನಿಗೆ ಸಂಸ್ಕೃತಿಯ ಬಾಳಿಲ್ಲ. ಅಣ್ಣನಿಗೆ ಭಾನುವಾರ ಮೂರು ಗಂಟೆ ಉಳಿದರೆ ಅವನೇನೂ ಓದುವುದಿಲ್ಲ, ಗೊತ್ತು. ಮಗಳ ಜೊತೆ ಮಲಗಿ ಕ್ರಿಕೆಟ್ ನೋಡುತ್ತಾನೆ. ನೋಡಲಿ.

ಕೈ ಉತ್ಪನ್ನಗಳ ಪರವಾಗಿ ಪ್ರಸನ್ನ ನಡೆಸಿದ ಹೋರಾಟವನ್ನು ನಾನು ಕಡೆಗಣಿಸುವುದಿಲ್ಲ. 2017ರಲ್ಲಿ ಕೈಯಿಂದ ಮಾಡಿದ ವಸ್ತುಗಳಿಗೆ ಜಿಎಸ್‌ಟಿ ಬೇಡ ಎಂದು ಅವರು ಉಪವಾಸ ಕೂತಾಗ ನಾನು ಅವರ ಪರವೇ. ಕೈಮಗ್ಗದ ಸೀರೆಯಲ್ಲಿ ನೇಕಾರಳ ಕೈ ಉಳಿದಿರುತ್ತದೆ, ಕೊಳ್ಳುವವರು ಅದಕ್ಕೆ ಬೆಲೆ ಕೊಡುತ್ತಾರೆ. ಪಾಲಿಶ್‌ನಲ್ಲಿ ಕೈಯ ಗುರುತು ಉಳಿದರೆ ಅದೇ ದೋಷ, ಅದಕ್ಕೇ ದೂರು ಬರುತ್ತದೆ. ಆರು ಗಂಟೆ ದುಡಿದು ತಾನು ಅಲ್ಲಿ ಇದ್ದೇ ಇರಲಿಲ್ಲ ಎಂಬಂತೆ ಕಾಣಿಸಬೇಕಾದ ಕೆಲಸ ಇದು. ಮಗ್ಗಕ್ಕೆ ಹೇಳಿದ ಮಾತನ್ನು ಹಾಗೇ ಎತ್ತಿ ಇದಕ್ಕೆ ಅಂಟಿಸುವುದು ಸೋಮಾರಿತನ. ಅದನ್ನು ಅಂಟಿಸುವ ಗೆಳೆಯರಾದರೋ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ಲೇಖನ ಟೈಪ್ ಮಾಡುವವರು. ಕೈಬರಹದ ಘನತೆಗಾಗಿ ಯಾರೂ ಥೀಸಿಸ್ಸನ್ನು ಬರೆದು ನಕಲು ಮಾಡಿದ್ದು ಕಾಣೆ.

ಅಣ್ಣನ ಮುಂದೆ ಇದನ್ನೆಲ್ಲ ಓದಿದೆ. 'ಅವ್ರನ್ನ ಒಂದ್ ಭಾನುವಾರ ಕಳಿಸು, ಒಂದು ಬಾನೆಟ್ ಸಾಕು' ಎಂದ.

ಮಷಿನ್ನಿನ ಪಕ್ಷ ವಹಿಸಿದ ಮಾತ್ರಕ್ಕೆ ಅದರ ತೊಂದರೆಗಳನ್ನು ಮುಚ್ಚಿಡಬೇಕಿಲ್ಲ. ಎರಡು ಮೂರು ಕೆಜಿ ತೂಕದ, ಗಂಟೆಗಟ್ಟಲೆ ಅದುರುವ ವಸ್ತು ಅದು. ವರ್ಷಗಳ ಕಂಪನದಿಂದ ಬೆರಳುಗಳು ಜೋಮು ಹಿಡಿಯುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಕಾಯಿಲೆ. ನಡುವೆ ಬಿಡುವು ಕೊಟ್ಟು ಹಿಡಿಯಬೇಕು. ಜೊತೆಗೆ ಉಜ್ಜಲು ಬರುವ ಹುಡುಗನೊಬ್ಬನಿದ್ದಾನೆ, ಅವನ ಭಾನುವಾರದ ಕೂಲಿ ಏನಾಗುತ್ತದೆ ಎಂಬುದು ಗೆಳೆಯರು ಕೇಳಬಹುದಾಗಿದ್ದ, ಆದರೆ ಕೇಳದ ಪ್ರಶ್ನೆ. ಅಣ್ಣನ ಲೆಕ್ಕದಲ್ಲಿ ದಿನಕ್ಕೆ ಒಂದು ಕಾರಿನ ಬದಲು ಎರಡು ಆದರೆ ಹುಡುಗನೂ ಉಳಿಯುತ್ತಾನೆ. ಎರಡನೆಯ ಕಾರು ಪ್ರತಿ ವಾರ ಸಿಗುತ್ತದೆಂಬ ಭರವಸೆ ನನಗಿಲ್ಲ. ಕೊಳ್ಳದಿದ್ದರೆ ಮಾತ್ರ ಇಬ್ಬರಿಗೂ ಉಳಿಗಾಲವಿಲ್ಲ, ಏಕೆಂದರೆ ಆ್ಯಪ್‌ನಲ್ಲಿ ಬುಕ್ ಮಾಡಿದರೆ ಮನೆಗೇ ಮಷಿನ್ ತರುವವರು ಈಗಾಗಲೇ ಗೇಟಿನೊಳಗೆ ಬಂದಿದ್ದಾರೆ. ಅಲ್ಲಿ ದುಡಿಯುವ ಹುಡುಗರಿಗೆ ದೂಳು ತಮ್ಮದು, ಮಷಿನ್ ಇನ್ಯಾರದೋ.

ದುಡ್ಡಿನ ಮಾತು ಬೇಗ ಮುಗಿಯುತ್ತದೆ. ಮಷಿನ್, ಪ್ಯಾಡು, ಕಾಂಪೌಂಡ್ ಸೇರಿ ಹತ್ತು ಸಾವಿರದ ಆಸುಪಾಸು. ನನಗೆ ಜೆಆರ್‌ಎಫ್ ಬರುತ್ತದೆ, ತಿಂಗಳಿಗೆ 37,000, ಬಂದ ತಿಂಗಳು. ಅರ್ಧ ನಾನು ಹಾಕುತ್ತೇನೆ. ಬೀಸುವ ಕಲ್ಲಿನ ಮೇಲೆ ಬರೆದು ಪಡೆದ ದುಡ್ಡು ಇದಕ್ಕೆ ಹೋಗುವುದರಲ್ಲಿ ನನಗೆ ಸಮಾಧಾನವಿದೆ.

ಈಗ ಉಳಿದಿರುವುದು ಪ್ಲಗ್ ಪಾಯಿಂಟ್. ಬೇಸ್‌ಮೆಂಟಿನಲ್ಲಿ ಮಷಿನ್ ಹಾಕಿದರೆ ಕರೆಂಟ್ ಯಾರದು ಎಂದು ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಕೇಳಿದೆ. ಪಕ್ಕದ ಕಂಬದಲ್ಲೇ ನಿವಾಸಿಗಳ ವಿದ್ಯುತ್ ಕಾರುಗಳಿಗೆ ರಾತ್ರಿಯಿಡೀ ಚಾರ್ಜಿಂಗ್ ನಡೆಯುತ್ತದೆ. ಈ ಮಷಿನ್ನಿಗೆ ಬೇಕಾದದ್ದು 800 ವ್ಯಾಟ್. ಮೂರು ಗಂಟೆ ನಿಲ್ಲದೆ ಓಡಿದರೂ ಎರಡೂವರೆ ಯೂನಿಟ್ ಆಗುವುದಿಲ್ಲ. ಸಬ್‌ಮೀಟರ್ ಹಾಕಿಸಿ, ಯೂನಿಟ್ಟಿನ ಲೆಕ್ಕದಲ್ಲಿ ತಿಂಗಳಿಗೊಮ್ಮೆ ಕಟ್ಟುತ್ತೇವೆ ಎಂದು ಅಣ್ಣನ ಹೆಸರಿನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅರ್ಜಿ ಬರೆದು ಕೊಟ್ಟಿದ್ದೇನೆ. ಎರಡನೆಯ ಶನಿವಾರ ಸಭೆಯಿದೆ. ಕೆಲಸದವರನ್ನು ಒಳಗೆ ಬಿಡುವುದಿಲ್ಲವಂತೆ, ಹೊರಗೆ ಕಾಯುತ್ತೇವೆ.