ಸಿಮ್ಯುಲೇಟರಿನ ಸ್ಟೇರಿಂಗು ನಮ್ಮ ರಸ್ತೆಗೆ ಹೊಂದಬೇಕು

ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಲ್ಲಿ ಸಿಮ್ಯುಲೇಟರ್ ಇರಲೇಬೇಕು ಎಂಬ ನಿಯಮವನ್ನು ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈ 1ರಿಂದ ಜಾರಿಗೆ ತಂದಿದೆ. ಕಾರಿನಂಥ ಲಘು ವಾಹನಕ್ಕೆ ಅಲ್ಲಿ 4 ವಾರಗಳಲ್ಲಿ 29 ಗಂಟೆಗಳ ತರಬೇತಿ. 8 ಗಂಟೆ ಪಾಠ, 21 ಗಂಟೆ ಪ್ರಾಯೋಗಿಕ. ಅಲ್ಲಿ ಪಾಸಾದವರು ಆರ್‌ಟಿಒ ಎದುರು ಮತ್ತೆ ಗಾಡಿ ಓಡಿಸಿ ತೋರಿಸಬೇಕಿಲ್ಲ. ಇಷ್ಟು ದೊಡ್ಡ ವಿನಾಯಿತಿ ಕೊಡುವ ವ್ಯವಸ್ಥೆಯಲ್ಲಿ ಯಂತ್ರ ಇದೆಯೇ ಎಂದು ಕೇಳಿದರೆ ಸಾಲದು, ಅದನ್ನು ಹೇಗೆ ಹೊಂದಿಸಿದ್ದಾರೆ ಎಂದೂ ಕೇಳಬೇಕು. ಮನೆಯಲ್ಲಿ ರೇಸಿಂಗ್ ಆಟಕ್ಕೆಂದು ಸ್ಟೇರಿಂಗು, ಪೆಡಲು ಕೊಳ್ಳುವ ಹುಡುಗರಿಗೂ ಇದೇ ಪ್ರಶ್ನೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ರಸ್ತೆಗೆ ಹೊಂದದ ಸಿಮ್ಯುಲೇಟರ್ ಕಲಿಯುವವರ ಕೈಗೆ ತಪ್ಪು ಅಭ್ಯಾಸ ಹಚ್ಚುತ್ತದೆ. ಸರಿಯಾಗಿ ಹೊಂದಿಸಿದ್ದು ಜೀವ ಉಳಿಸಬಲ್ಲದು.

ಹೊಂದಿಸುವುದೆಂದರೆ ಏನು? ಮೊದಲನೆಯದು ಸ್ಟೇರಿಂಗಿನ ಸುತ್ತು. ಸಾಮಾನ್ಯ ಕಾರಿನ ಸ್ಟೇರಿಂಗು ಈ ತುದಿಯಿಂದ ಆ ತುದಿಗೆ ಎರಡೂವರೆಯಿಂದ ಮೂರೂವರೆ ಸುತ್ತು ತಿರುಗುತ್ತದೆ, ಲಾರಿಯದು ಇನ್ನೂ ಹೆಚ್ಚು. ಲಾಜಿಟೆಕ್ ಜಿ29ರಂಥ ಮನೆಬಳಕೆಯ ಸ್ಟೇರಿಂಗು 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗಬಲ್ಲದು. ಆದರೆ ಬೇಗ ತಿರುಗಲಿ ಎಂದು ಆಟಗಾರರು ಅದನ್ನು 360 ಡಿಗ್ರಿಗೋ ಅದಕ್ಕೂ ಕಡಿಮೆಗೋ ಇಳಿಸುತ್ತಾರೆ. ಆ ಕೈ ನಿಜವಾದ ಕಾರಿಗೆ ಬಂದಾಗ ತಿರುವಿನಲ್ಲಿ ಬೇಕಾದಷ್ಟು ತಿರುಗಿಸುವುದಿಲ್ಲ. ಎರಡನೆಯದು ಗೇರು. ನಮ್ಮ ಗಾಡಿಗಳಲ್ಲಿ ಚಾಲಕ ಬಲಗಡೆ ಕೂರುತ್ತಾನೆ, ಗೇರು ಎಡಗೈಗೆ ಸಿಗುತ್ತದೆ. ಬಿಡಿಯಾಗಿ ಬರುವ ಗೇರು ಪೆಟ್ಟಿಗೆಯನ್ನು ಬಲಗಡೆ ಬಿಗಿದರೆ ಅಭ್ಯಾಸ ತಲೆಕೆಳಗಾಗುತ್ತದೆ. 2012ರಲ್ಲಿ ಬಂದ 'ಯೂರೋ ಟ್ರಕ್ ಸಿಮ್ಯುಲೇಟರ್ 2' ಆಟದಲ್ಲಿ ಯುರೋಪಿನ ಬಹುತೇಕ ರಸ್ತೆಗಳಲ್ಲಿ ಬಲಬದಿಗೆ ಓಡಿಸಬೇಕು. ಎಡಬದಿಯ ಅಭ್ಯಾಸ ಬೇಕಾದವರು ಬ್ರಿಟನ್ನಿನ ರಸ್ತೆಗಳನ್ನು ಆರಿಸಿಕೊಂಡು, ಬಲಗಡೆ ಸೀಟಿರುವ ಲಾರಿ ಹತ್ತಬೇಕು.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಪರದೆಯ ನೋಟ. 24 ಇಂಚಿನ ಪರದೆ ಸುಮಾರು 53 ಸೆಂಟಿಮೀಟರ್ ಅಗಲ ಇರುತ್ತದೆ. 60 ಸೆಂಟಿಮೀಟರ್ ದೂರ ಕೂತವನ ಕಣ್ಣಿಗೆ ಅದು ತುಂಬುವುದು 48 ಡಿಗ್ರಿಯಷ್ಟು ಮಾತ್ರ. ಆಟ ಅಷ್ಟೇ ಜಾಗದಲ್ಲಿ 70-80 ಡಿಗ್ರಿಯ ನೋಟ ತುಂಬಿದರೆ ಎದುರಿನ ಗಾಡಿ ಇರುವುದಕ್ಕಿಂತ ಚಿಕ್ಕದಾಗಿ, ದೂರವಾಗಿ ಕಾಣುತ್ತದೆ. ಓವರ್‌ಟೇಕ್ ಮಾಡಲು ಜಾಗ ಇದೆಯೇ ಎಂದು ಅಳೆಯುವ ಕಣ್ಣಿಗೆ ಇದಕ್ಕಿಂತ ಕೆಟ್ಟ ಪಾಠ ಇನ್ನೊಂದಿಲ್ಲ. ಪಕ್ಕದ ನೋಟವೇ ಇಲ್ಲದ ಒಂದೇ ಪರದೆಯಿಂದ ಕಲಿತವರು ಕ್ರಾಸಿನಲ್ಲಿ ಕತ್ತು ತಿರುಗಿಸಿ ನೋಡುವುದನ್ನೂ ಕಲಿಯುವುದಿಲ್ಲ. ತರಬೇತಿ ಕೇಂದ್ರದಲ್ಲಿ ಮೂರು ಪರದೆ ಕೇಳುವುದು ಈ ಕಾರಣಕ್ಕೆ ನ್ಯಾಯ. ಬ್ರೇಕಿನ ವಿಷಯವೂ ಹೀಗೆಯೇ: ಅಗ್ಗದ ಪೆಡಲು ಕಾಲು ಎಷ್ಟು ದೂರ ಹೋಯಿತು ಎಂದು ಅಳೆಯುತ್ತದೆ, ನಿಜವಾದ ಕಾರಿನ ಬ್ರೇಕು ಕಾಲು ಎಷ್ಟು ಒತ್ತಿತು ಎಂಬುದರ ಮೇಲೆ ಹಿಡಿಯುತ್ತದೆ.

ಇನ್ನು ಊರಿನ ರಸ್ತೆಗೆ ಬರೋಣ. ಆಲಮಟ್ಟಿ ಹಿನ್ನೀರಿಗೆ ಮುಳುಗಡೆಯಾದವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರದಲ್ಲಿ ಸೆಕ್ಟರುಗಳ ನಡುವೆ ಅಗಲವಾದ ನೇರ ರಸ್ತೆಗಳಿವೆ. ಅಲ್ಲಿ ಕ್ಲಚ್ಚು, ಗೇರು ಪಳಗಬಹುದು, ಇಕ್ಕಟ್ಟು ಪಳಗುವುದಿಲ್ಲ. ಅದಕ್ಕೆ ಹಳೇ ಬಾಗಲಕೋಟೆಯ ಓಣಿಗಳಿಗೇ ಹೋಗಬೇಕು. ಹುನಗುಂದ, ಇಳಕಲ್ಲಿನ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಗ್ರಾನೈಟ್ ಬ್ಲಾಕು ಹೇರಿದ ಲಾರಿಗಳಿರುತ್ತವೆ. ಅಂಥ ಭಾರದ ಗಾಡಿಗೆ ನಿಲ್ಲಲು ಎಷ್ಟು ಜಾಗ ಬೇಕು ಎಂಬ ಅಂದಾಜು ಕಾರು ಕಲಿಯುವವನಿಗೆ ಇಲ್ಲದಿದ್ದರೆ ಅವನು ಅದರ ಮುಂದೆ ನುಗ್ಗಿ ಬ್ರೇಕು ಹಾಕುತ್ತಾನೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಒಂದರ ಹಿಂದೆ ಒಂದು ಎರಡು ಟ್ರೇಲರ್ ಕಟ್ಟಿಕೊಂಡು ರಾತ್ರಿ ಹೊರಡುವ ಟ್ರ್ಯಾಕ್ಟರಿನ ಹಿಂದೆ ದೀಪವಾಗಲಿ, ರೇಡಿಯಂ ಪಟ್ಟಿಯಾಗಲಿ ಇಲ್ಲದಿದ್ದರೆ ಕಬ್ಬು ಹತ್ತಿರ ಬರುವವರೆಗೂ ಕಣ್ಣಿಗೆ ಬೀಳುವುದೇ ಇಲ್ಲ. ಬಾದಾಮಿಯಲ್ಲಿ ಪುಷ್ಯ ಮಾಸದ ಬನಶಂಕರಿ ಜಾತ್ರೆಗೆ ಜನ ಕಾಲ್ನಡಿಗೆಯಲ್ಲಿ, ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಬರುತ್ತಾರೆ. ಈ ಯಾವುದನ್ನೂ ಹೊಸಬನಿಗೆ ನಿಜವಾದ ರಸ್ತೆಯಲ್ಲಿ ಮೊದಲ ಸಲ ತೋರಿಸುವುದು ಕ್ಷೇಮವಲ್ಲ. ಸಿಮ್ಯುಲೇಟರಿನ ನಿಜವಾದ ಉಪಯೋಗ ಇಲ್ಲಿದೆ: ಕತ್ತಲಲ್ಲಿ ದೀಪವಿಲ್ಲದ ಟ್ರೇಲರನ್ನು ಹತ್ತು ಸಲ ಗುದ್ದಿದರೂ ಯಾರ ಮನೆಯಲ್ಲೂ ದುಃಖವಾಗುವುದಿಲ್ಲ, ಹನ್ನೊಂದನೆಯ ಸಲಕ್ಕೆ ಕಾಲು ತಾನಾಗಿ ವೇಗ ಇಳಿಸುತ್ತದೆ.

ವಿಮಾನದ ಇತಿಹಾಸ ಇದಕ್ಕೆ ಆಧಾರ ಒದಗಿಸುತ್ತದೆ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ನೆಲದ ಮೇಲೇ ವಾಲುವ, ತಿರುಗುವ ಅಣಕು ವಿಮಾನ ತಯಾರಿಸಿದಾಗ ಸೇನೆ ಅದನ್ನು ಆಟಿಕೆಯಂತೆ ಕಂಡಿತು. 1934ರಲ್ಲಿ ಅಂಚೆ ಸಾಗಿಸಲು ಹೋದ ಸೇನೆಯ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸಾಲಾಗಿ ಸತ್ತ ಮೇಲೆ ಆರು ಯಂತ್ರಗಳನ್ನು ಕೊಂಡಿತು. ಆ ಯಂತ್ರ ಎಲ್ಲವನ್ನೂ ಕಲಿಸಲಿಲ್ಲ. ಹೊರಗೆ ಏನೂ ಕಾಣದಾಗ ಮಾಪಕ ನಂಬಿ ಹಾರುವುದೊಂದನ್ನೇ ಕಲಿಸಿತು, ಸಾವು ಇದ್ದದ್ದೂ ಅಲ್ಲಿಯೇ. ನಮ್ಮ ಸಿಮ್ಯುಲೇಟರಿಗೂ ಅಂಥ ಗುರಿ ಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಜನ, ಅದರಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗ ಕಾರಣ ಎಂದು ಸಚಿವಾಲಯದ ವರದಿಯೇ ಹೇಳಿದೆ. ಗೇರು ಹಾಕಲು ಬಾರದೆ ಸತ್ತವರಲ್ಲ ಇವರು. ವೇಗ, ಅಂತರ, ಬೆಳಕು, ಈ ಮೂರರ ಅಂದಾಜು ತಪ್ಪುವುದರಿಂದ ಸಾಯುವವರೇ ಹೆಚ್ಚು.

ಇದಕ್ಕೆ ಬರುವ ಗಂಭೀರ ಆಕ್ಷೇಪ, ಇಂಥ ಆಟಗಳೇ ಹುಡುಗರನ್ನು ಹುಚ್ಚು ವೇಗಕ್ಕೆ ಎಳೆಯುತ್ತವೆ ಎಂಬುದು. ಅದನ್ನು ತಳ್ಳಿಹಾಕುವಂತಿಲ್ಲ. ಮ್ಯೂನಿಕ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ನಿಯಮ ಮುರಿದಷ್ಟೂ ಗೆಲುವು ಕೊಡುವ ರೇಸಿಂಗ್ ಆಟ ಆಡಿದ ಮೇಲೆ ಅಪಾಯಕ್ಕೆ ಒಡ್ಡಿಕೊಳ್ಳುವ ಪ್ರವೃತ್ತಿ ಹೆಚ್ಚುವುದನ್ನು ಕಂಡಿತು. ಆದರೆ ದೋಷ ಇರುವುದು ಆಟ ಯಾವುದಕ್ಕೆ ಅಂಕ ಕೊಡುತ್ತದೆ ಎಂಬುದರಲ್ಲಿ. ಅದೇ ಸ್ಟೇರಿಂಗಿನಲ್ಲಿ ಅಂತರ ಕಾಯ್ದುಕೊಂಡವನಿಗೆ ಅಂಕ, ಗುದ್ದಿದವನಿಗೆ ಮೊದಲಿನಿಂದ ಶುರು ಎಂದಾದರೆ ಬೇರೆಯೇ ಪಾಠವಾಗುತ್ತದೆ. ರಸ್ತೆಯಲ್ಲಿ ಓಡಿಸದೆ ಡ್ರೈವಿಂಗ್ ಬರುವುದಿಲ್ಲ ಎನ್ನುವವರ ಮಾತು ಪೂರ್ತಿ ನಿಜ, ಆ 21 ಗಂಟೆಗಳಲ್ಲಿ ರಸ್ತೆಯ ಪಾಲನ್ನು ಯಾರೂ ಕದಿಯಬಾರದು. ಖರ್ಚಿನ ಮಾತು ಬಂದರೆ, ಒಳ್ಳೆಯ ಸ್ಟೇರಿಂಗು-ಪೆಡಲು ಜೋಡಿ ಕೆಲವು ಹತ್ತು ಸಾವಿರ ರೂಪಾಯಿಗೆ ಸಿಗುತ್ತದೆ. ಲಕ್ಷಗಟ್ಟಲೆಯ ಯಂತ್ರ ಕೊಂಡು ತಪ್ಪಾಗಿ ಹೊಂದಿಸುವುದಕ್ಕಿಂತ ಇದನ್ನು ಸರಿಯಾಗಿ ಹೊಂದಿಸುವುದು ಮೇಲು.

ಹಾಗಾಗಿ ಬಾಗಲಕೋಟೆ ಆರ್‌ಟಿಒ ಕಚೇರಿ ಸಿಮ್ಯುಲೇಟರ್ ತಪಾಸಣೆಗೆ ಒಂದು ಪುಟದ ಪಟ್ಟಿ ಮಾಡಬೇಕು: ಸ್ಟೇರಿಂಗಿನ ಸುತ್ತು ಎಷ್ಟು, ಗೇರು ಯಾವ ಕೈಗೆ, ಪರದೆಯ ನೋಟ ಎಷ್ಟು ಡಿಗ್ರಿ, ರಾತ್ರಿಯ ದೃಶ್ಯ ಇದೆಯೇ. 1963ರಿಂದ ಎಂಜಿನಿಯರುಗಳನ್ನು ತಯಾರಿಸುತ್ತಿರುವ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೇ ಊರಿನಲ್ಲಿದೆ. ನಿಜವಾದ ಕಾರಿನ ಬ್ರೇಕಿಗೆ ಎಷ್ಟು ಒತ್ತು ಬೇಕು ಎಂದು ಅಳೆದು ಪೆಡಲನ್ನು ಅದಕ್ಕೆ ಹೊಂದಿಸುವುದು, ಇಳಕಲ್ಲಿನ ಗ್ರಾನೈಟ್ ಲಾರಿಯನ್ನೂ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರನ್ನೂ ಪರದೆಗೆ ತರುವುದು ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದ ಕೆಲಸ. ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುವ ಮೊದಲೇ ಅದು ಮುಗಿದರೆ, ಆ ಹಂಗಾಮಿನಲ್ಲೇ ಕಲಿಕಾ ಪರವಾನಗಿ (ಎಲ್‌ಎಲ್) ಪಡೆದವರು ಟ್ರೇಲರನ್ನು ಮೊದಲು ಪರದೆಯ ಮೇಲೆ ನೋಡುತ್ತಾರೆ.