ಏಳು ತಿಂಗಳವರೆಗೆ ಕಾಯುವ ಕಾನೂನು

ಪಾಂಡವಪುರ ಸೀಮೆಯ ಆಲೆಮನೆಗಳಲ್ಲಿ ಕಬ್ಬಿನ ರಚ್ಚು ಒಣಗಿಸಿ, ಹೊತ್ತು ತಂದು ಒಲೆಗೆ ಹಾಕುವ ಕೆಲಸ ಬಿಸಿಲಲ್ಲಿ ಶುರುವಾಗಿ ಬೆಂಕಿಯೆದುರು ಮುಗಿಯುತ್ತದೆ. ಭತ್ತದ ಗದ್ದೆಯಲ್ಲಿ ಔಷಧಿ ಹೊಡೆದ ಬೆನ್ನಿಗೇ ಬರಿಗೈಯಲ್ಲಿ ಕಳೆ ಕೀಳಬೇಕಾಗುತ್ತದೆ. ಇಂಥ ಕಡೆ ದುಡಿಯುವ ಹೆಣ್ಣುಮಗಳು ಬಸುರಿ ಎಂದು ಗೊತ್ತಾದ ವಾರವೇ ಮಾಲೀಕನಿಗೆ ತಿಳಿಸುವಂತಿರಬೇಕು, ತಿಳಿಸಿದ ದಿನದಿಂದಲೇ ಅವಳಿಗೆ ರಕ್ಷಣೆ ಸಿಗಬೇಕು. ನಮ್ಮ ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ, ಗರ್ಭಿಣಿ ಕೇಳಿಕೊಂಡರೆ ಅವಳಿಂದ ಕಠಿಣ ಕೆಲಸ ಮಾಡಿಸುವಂತಿಲ್ಲ. ಆದರೆ ಆ ಹಕ್ಕು ಬರುವುದು ಹೆರಿಗೆಗೆ ಸುಮಾರು ಹತ್ತು ವಾರ ಉಳಿದಾಗ, ಅಂದರೆ ಏಳು ತಿಂಗಳು ತುಂಬುವ ಹೊತ್ತಿಗೆ. 2017ರ ತಿದ್ದುಪಡಿ ರಜೆಯನ್ನು 12 ವಾರದಿಂದ 26ಕ್ಕೆ ಏರಿಸಿತು, ಈ ಗಡುವನ್ನು ಮಾತ್ರ ಹಾಗೇ ಬಿಟ್ಟಿತು. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲೆರಡು ತಿಂಗಳಲ್ಲಿ. ಅಪಾಯ ಹೆಚ್ಚಿರುವಾಗ ಕಾನೂನು ಇಲ್ಲ, ಅದು ಬರುವ ಹೊತ್ತಿಗೆ ಆಗಬಾರದ್ದು ಆಗಿಹೋಗಿರಬಹುದು. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯ ಸಂಶೋಧಕರು ತಮಿಳುನಾಡಿನ 800 ಗರ್ಭಿಣಿಯರನ್ನು ಅಧ್ಯಯನ ಮಾಡಿದಾಗ, ಸೆಕೆಯಲ್ಲಿ ದುಡಿಯುವವರಿಗೆ ಗರ್ಭಪಾತದ ಅಪಾಯ ಸುಮಾರು ಇಮ್ಮಡಿ ಎಂದು ಕಂಡುಬಂತು. ನಮ್ಮ ಕಬ್ಬಿನ ಗದ್ದೆಯ ಬಿಸಿಲು ಅದಕ್ಕಿಂತ ತಂಪಲ್ಲ.

ಮೂರು ತಿಂಗಳು ತುಂಬುವ ಮುನ್ನ ಬಾಯಿ ಬಿಡಬಾರದು ಎನ್ನುವವರು ಮನೆಮನೆಯಲ್ಲೂ ಇದ್ದಾರೆ. ಗರ್ಭ ಇಳಿದುಹೋಗುವುದು ಹೆಚ್ಚಾಗಿ ಆ ಮೂರು ತಿಂಗಳಲ್ಲೇ, ಹಾಗಾಗಿ ಆ ಅಳುಕು ಸುಳ್ಳಲ್ಲ. ಆದರೆ ಕೆಲಸ ಬದಲಾಗಬೇಕಾದದ್ದೂ ಅದೇ ಕಾರಣಕ್ಕೆ. ಊರಿಗೆಲ್ಲ ಸಾರಬೇಕಿಲ್ಲ. ಆಶಾ ಕಾರ್ಯಕರ್ತೆ ಹೇಗೂ 12 ವಾರದೊಳಗೆ ಹೆಸರು ಬರೆಸಿಕೊಂಡು ತಾಯಿ ಕಾರ್ಡ್ ಕೊಡಿಸಬೇಕು. ಅದರ ಜೊತೆಗೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬೆಂಕಿ, ಭಾರ, ವಿಷದ ಕೆಲಸ ಬೇಡ ಎಂದು ಒಂದು ಚೀಟಿ ಬರೆದುಕೊಡಲಿ.

ಹೀಗಾದರೆ ಹೆಂಗಸರನ್ನು ಕೆಲಸಕ್ಕೇ ಕರೆಯುವುದಿಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕೂಲಿಯವಳನ್ನು ಕೆಲಸದಿಂದ ತೆಗೆಯಲು ನೋಟಿಸೂ ಬೇಡ, ‘ನಾಳೆಯಿಂದ ಬರಬೇಡ’ ಎಂದರೆ ಮುಗಿಯಿತು. ಅಮೆರಿಕದ ಬ್ಯಾಟರಿ ಕಂಪನಿಯೊಂದು ಮಗುವಿಗೆ ಸೀಸದಿಂದ ಅಪಾಯ ಎಂಬ ನೆಪದಲ್ಲಿ ಹೆಂಗಸರನ್ನು ಆ ಕೆಲಸದಿಂದಲೇ ದೂರವಿಟ್ಟಾಗ, 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತಾರತಮ್ಯ ಎಂದಿತು. ಹಾಗಾಗಿ ಕೆಲಸ ಬದಲಿಸಬೇಕೋ ಬೇಡವೋ ಎಂಬ ತೀರ್ಮಾನ ಅವಳದೇ ಆಗಿರಬೇಕು, ಕೂಲಿಯೂ ಕಡಿಮೆಯಾಗಬಾರದು. ದಿನಗೂಲಿಯ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 2000ದಲ್ಲಿ ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲೇ ಹೇಳಿದೆ. ಆದರೂ ನಾಲ್ಕೈದು ಆಳುಗಳ ಆಲೆಮನೆ, ರೈತನ ಗದ್ದೆ ಈ ಕಾನೂನಿನ ಹೊರಗೇ ಉಳಿದಿವೆ. ಅಂಥ ಸಣ್ಣ ಮಾಲೀಕನ ತಲೆಗೆ ಇಡೀ ಖರ್ಚು ಕಟ್ಟುವುದು ನ್ಯಾಯವಲ್ಲ, ಕೆಲಸ ಬದಲಿಸಿದ ದಿನಗಳ ಕೂಲಿಯನ್ನು ಸರ್ಕಾರವೇ ತುಂಬಿಕೊಡಬೇಕು. ಕಾರ್ಮಿಕ ಇಲಾಖೆ ಮತ್ತು ಆರೋಗ್ಯ ಇಲಾಖೆ ಒಟ್ಟಿಗೆ ಕೂತು ಮಂಡ್ಯ ಜಿಲ್ಲೆಯಲ್ಲೇ ಈ ಚೀಟಿಯ ಪದ್ಧತಿಯನ್ನು ಮೊದಲು ಜಾರಿಗೆ ತರಲಿ.