ದಪ್ಪ ಟೈರು, ಸಣ್ಣ ರಿಮ್ಮು: ಈ ಅಲಂಕಾರ ಯಾರಿಗಾಗಿ?

ಹಿಂದಿನ ಟೈರ್ ದಪ್ಪ ಇದ್ದಷ್ಟೂ ಗ್ರಿಪ್ ಜಾಸ್ತಿ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಯಾವ ಟೈರ್ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹುಡುಗರು ಹೇಳುತ್ತಾರೆ, ಅಂಗಡಿಯವರು ತಲೆಯಾಡಿಸುತ್ತಾರೆ, ರೀಲ್ಸ್ ಮಾಡುವವರು ಅದಕ್ಕೊಂದು ಹಾಡು ಹಾಕಿ ಬಿಡುತ್ತಾರೆ. ಈ ಮಾತು ಸುಳ್ಳು ಅಂತ ನಾವು ಹೇಳುತ್ತಿದ್ದೇವೆ. ನಾಲ್ಕೈದು ಸಾವಿರ ರೂಪಾಯಿ ಕೊಟ್ಟು ಕೊಳ್ಳುವ ಸುಳ್ಳು. ಆ ದುಡ್ಡು ಬಹಳಷ್ಟು ಮನೆಗಳಲ್ಲಿ ಅಮ್ಮ ಸಂಘದಿಂದ ಎತ್ತಿದ ಸಾಲದ್ದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ಮೊದಲು ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದೋಣ. 130/70-17 ಅಂದರೆ ಅಗಲ 130 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 70, ರಿಮ್‌ನ ವ್ಯಾಸ 17 ಇಂಚು. ಪಲ್ಸರ್ ಎನ್‌ಎಸ್ 200ರ ಹಿಂದಿನ ಚಕ್ರಕ್ಕೆ ಕಂಪನಿ ಕೊಡುವ ಅಳತೆ ಇದು. ಕೆಟಿಎಂ ಡ್ಯೂಕ್ 200ರದು 150/60-17. ಈಗ ಲೆಕ್ಕ ಹಾಕಿ. 130ರ ಶೇಕಡಾ 70 ಅಂದರೆ 91 ಮಿಲಿಮೀಟರ್. 150ರ ಶೇಕಡಾ 60 ಅಂದರೆ 90. ಎತ್ತರದಲ್ಲಿ ಒಂದೇ ಮಿಲಿಮೀಟರ್ ವ್ಯತ್ಯಾಸ. ಸಿಂಗಲ್ ಡಿಸ್ಕ್ ಪಲ್ಸರ್ 150ಕ್ಕೆ ಬರುವ 100/90-17 ತಗೊಂಡರೆ ಅದೂ ಸರಿಯಾಗಿ 90. ಅಂಗಡಿಯಲ್ಲಿ "ಕೂತ್ಕೊಳ್ಳುತ್ತೆ ಅಣ್ಣ, ಏನೂ ತೊಂದ್ರೆ ಇಲ್ಲ" ಅನ್ನುವುದು ಇದೇ ಧೈರ್ಯದ ಮೇಲೆ. ಕೂತುಕೊಳ್ಳುತ್ತದೆ, ನಿಜ. ಎತ್ತರ ಸರಿಹೋಯಿತು. ಆದರೆ ಟೈರಿನ ಮೈಮೇಲೆ ಬರೆಯದ ಇನ್ನೊಂದು ಅಳತೆ ಇದೆ. ಅದು ರಿಮ್‌ನ ಅಗಲ.

ಡ್ಯೂಕ್‌ನ ಹಿಂದಿನ ರಿಮ್ 4 ಇಂಚು ಅಗಲ. ಪಲ್ಸರ್ 150ರ ರಿಮ್ ಅದಕ್ಕಿಂತ ಬಹಳ ಕಿರಿದು, ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ಅಗಲದ ಟೈರನ್ನು ಕಿರಿದಾದ ರಿಮ್‌ಗೆ ಹತ್ತಿಸಿದಾಗ ಎರಡೂ ಅಂಚು ಒಳಕ್ಕೆ ಹಿಂಡಿಕೊಳ್ಳುತ್ತವೆ, ನಡುಭಾಗ ಮೊಟ್ಟೆಯ ತುದಿಯ ಹಾಗೆ ಉಬ್ಬುತ್ತದೆ. ನೇರ ಓಡುವಾಗ ಆ ಉಬ್ಬಿದ ಪಟ್ಟಿಯೇ ನೆಲಕ್ಕೆ ತಾಗಿ, ಅದೇ ಬೇಗ ಸವೆಯುತ್ತದೆ. ದುಡ್ಡು ಕೊಟ್ಟಿದ್ದು 150 ಮಿಲಿಮೀಟರಿಗೆ, ಅದು ಪೂರ್ತಿ ಸಿಕ್ಕಿರುವುದಿಲ್ಲ. ಬೈಕ್ ವಾಲಿಸಿದಾಗ ಟೈರ್ ನಯವಾಗಿ ಹೊರಳುವ ಬದಲು ಒಂದು ಹಂತದಲ್ಲಿ ಧಸಕ್ಕೆಂದು ಬಿದ್ದ ಹಾಗಾಗುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ, ಮಂಜಿನಲ್ಲಿ, ಒದ್ದೆ ರಸ್ತೆಯಲ್ಲಿ, ಎದುರಿಂದ ಲಾರಿ ಬರುತ್ತಿರುವಾಗ ಆ ಅನುಭವ ಯಾರಿಗೂ ಬೇಡ.

ರಿಮ್‌ನ ಅಗಲ ಎಷ್ಟು ಅಂತ ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಅಲಾಯ್ ವೀಲ್‌ನಲ್ಲಿ ಅದನ್ನು ಅಚ್ಚು ಹಾಕಿರುತ್ತಾರೆ. ಮಣ್ಣು ಒರೆಸಿ ನೋಡಿ. ಯಾವ ಟೈರಿಗೆ ಎಷ್ಟರಿಂದ ಎಷ್ಟು ಇಂಚಿನ ರಿಮ್ ನಡೆಯುತ್ತದೆ ಎಂಬ ಪಟ್ಟಿಯನ್ನು ಟೈರ್ ಕಂಪನಿಗಳೇ ಪ್ರಕಟಿಸುತ್ತವೆ. ಅದನ್ನು ಗೋಡೆಗೆ ಅಂಟಿಸಿಕೊಂಡ ಅಂಗಡಿ ನಮ್ಮ ಕಡೆ ನಾವು ನೋಡಿಲ್ಲ. ಗೋಡೆ ತುಂಬ ದೊಡ್ಡ ಬೈಕುಗಳ ಪೋಸ್ಟರ್ ಇರುತ್ತದೆ.

ಗ್ರಿಪ್ ವಿಷಯಕ್ಕೆ ಬರೋಣ. ಟೈರ್ ನೆಲಕ್ಕೆ ತಾಗುವ ಜಾಗ ಎಷ್ಟು ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಎರಡು ಸಂಗತಿ: ಮೇಲಿರುವ ಭಾರ, ಒಳಗಿರುವ ಗಾಳಿಯ ಒತ್ತಡ. ಅದೇ ಭಾರ, ಅದೇ ಗಾಳಿ ಇಟ್ಟು ಟೈರ್ ಮಾತ್ರ ಅಗಲ ಮಾಡಿದರೆ ಆ ಜಾಗದ ಆಕಾರ ಬದಲಾಗುತ್ತದೆ. ಉದ್ದ ಕಮ್ಮಿಯಾಗಿ ಅಗಲ ಜಾಸ್ತಿಯಾಗುತ್ತದೆ. ಒಟ್ಟು ಜಾಗ ಹುಡುಗರು ಅಂದುಕೊಂಡಷ್ಟು ಹಿಗ್ಗುವುದಿಲ್ಲ. ಹಿಡಿತ ಕೊಡುವುದು ರಬ್ಬರಿನ ಗುಣ, ಟೈರಿನ ವಯಸ್ಸು, ಸರಿಯಾದ ಗಾಳಿ. ಇನ್ನೊಂದು ತಮಾಷೆ ಇದೆ. ತಿರುವಿನಲ್ಲಿ ಅಗಲ ಟೈರಿನ ನೆಲ ತಾಗುವ ಬಿಂದು ನಡುವಿನಿಂದ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಅದೇ ತಿರುವನ್ನು ಅದೇ ವೇಗದಲ್ಲಿ ದಾಟಲು ಸಣ್ಣ ಟೈರಿನ ಬೈಕಿಗಿಂತ ದಪ್ಪ ಟೈರಿನ ಬೈಕನ್ನು ಸ್ವಲ್ಪ ಜಾಸ್ತಿಯೇ ವಾಲಿಸಬೇಕು. ಸುರಕ್ಷಿತ ಅಂತ ಹಾಕಿಸಿಕೊಂಡಿದ್ದು ಇದನ್ನು.

"ಹಾಗಾದ್ರೆ ರೇಸ್ ಬೈಕ್‌ಗೆ ಯಾಕೆ ಅಷ್ಟು ದಪ್ಪ ಟೈರು?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಯಮಹಾ ಆರ್1ಕ್ಕೆ ಹಿಂದೆ 190/55-17 ಇದೆ, ಒಪ್ಪಿದೆವು. ಆ ಎಂಜಿನ್‌ನ ಶಕ್ತಿ ಸುಮಾರು 200 ಅಶ್ವಶಕ್ತಿ. ನಿಮ್ಮ ಆರ್15ರದು ಹದಿನೆಂಟು ಚಿಲ್ಲರೆ. ಎತ್ತಿನ ಗಾಡಿಗೆ ಟ್ರ್ಯಾಕ್ಟರ್ ಚಕ್ರ ಯಾರೂ ಹಾಕುವುದಿಲ್ಲ. ವಿಶ್ವ ಚಾಂಪಿಯನ್‌ಶಿಪ್‌ನ ಸಣ್ಣ ವರ್ಗ ಮೋಟೋ3 ನೋಡಿ. 250 ಸಿಸಿ ಬೈಕುಗಳು, ಉದ್ದ ಟ್ರ್ಯಾಕ್ ಸಿಕ್ಕಿದರೆ ಗಂಟೆಗೆ 200 ಕಿ.ಮೀ. ದಾಟುತ್ತವೆ, ಮೊಣಕೈ ನೆಲಕ್ಕೆ ತಾಗುವಷ್ಟು ವಾಲುತ್ತವೆ. 2023ರವರೆಗೆ ಆ ವರ್ಗಕ್ಕೆ ಟೈರ್ ಕೊಡುತ್ತಿದ್ದುದು ಡನ್‌ಲಾಪ್. ಹಿಂದಿನ ಟೈರಿನ ಅಗಲ 115 ಮಿಲಿಮೀಟರ್. ಕಡೂರಿನ ಬಸ್ ಸ್ಟ್ಯಾಂಡ್ ಹಿಂದೆ ನಿಲ್ಲಿಸಿರುವ ಆರ್15ರ ಟೈರಿಗಿಂತ ಸಣ್ಣದು.

ಈ ಹುಚ್ಚು ಹುಡುಗರ ತಲೆಯಲ್ಲಿ ತಾನಾಗಿ ಹುಟ್ಟಿದ್ದಲ್ಲ. 2008ರಲ್ಲಿ ಯಮಹಾ ಭಾರತದಲ್ಲಿ ಎರಡು ಬೈಕ್ ತಂದಿತು. ತಿರುವುಗಳಿಗೆಂದೇ ಮಾಡಿದ ಆರ್15ಗೆ ಹಿಂದೆ 100/80-17. ಊರಲ್ಲಿ ಓಡಾಡುವ ಎಫ್‌ಝಡ್16ಗೆ 140/60-17. ಒಂದೇ ಕಂಪನಿ, ಒಂದೇ ವರ್ಷ, ಸ್ಪೋರ್ಟ್ಸ್ ಬೈಕಿಗೆ ಸಣ್ಣ ಟೈರು, ಪೇಟೆ ಬೈಕಿಗೆ ದಪ್ಪ ಟೈರು! ತಿರುವಿನಲ್ಲಿ ಹೆಸರು ಮಾಡಿದ್ದು ಆರ್15. ಜನ ಬಾಯಿಬಿಟ್ಟು ನೋಡಿದ್ದು ಎಫ್‌ಝಡ್‌ನ ಹಿಂಭಾಗ. ಮಾರುಕಟ್ಟೆ ಯಾವುದನ್ನು ಕೇಳಿತು ಅಂತ ಮುಂದಿನ ಮಾಡೆಲ್‌ಗಳೇ ಹೇಳುತ್ತವೆ. 2011ರ ಎರಡನೇ ಆರ್15ಗೆ 130/70 ಬಂತು, 2018ರ ಮೂರನೆಯದಕ್ಕೆ 140/70. ಆದರೆ ಟೈರ್ ಅಗಲ ಮಾಡಿದ ಕಂಪನಿ ಟೈರ್ ಒಂದನ್ನೇ ಬದಲಿಸಿ ಸುಮ್ಮನಾಗಲಿಲ್ಲ. ಎರಡನೇ ಆರ್15ರಲ್ಲಿ ರಿಮ್ ಬೇರೆ, ಸ್ವಿಂಗ್‌ಆರ್ಮ್ ಬೇರೆ, ವೀಲ್‌ಬೇಸ್ ಉದ್ದ, ಮುಂದಿನ ಟೈರೂ ಬೇರೆ. ಎಂಜಿನಿಯರುಗಳು ಅಷ್ಟೆಲ್ಲ ಬದಲಿಸಿ ಮಾಡಿದ ಕೆಲಸವನ್ನು ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ.

ಮುಂದಿನ ಟೈರ್ ಅಂದೆವಲ್ಲ. ನಮ್ಮ ಸಿಟ್ಟು ನಿಜವಾಗಿ ಇರುವುದು ಇಲ್ಲಿ. ಜೋರಾಗಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಬೈಕನ್ನು ನಿಲ್ಲಿಸುವ ದೊಡ್ಡ ಪಾಲು ಕೆಲಸ ಮುಂದಿನ ಚಕ್ರದ್ದು. ಅದು ಜಾರಿದರೆ ಉಳಿಸಿಕೊಳ್ಳುವುದು ಕಷ್ಟ. ಆದರೆ ಹಿಂದೆ ಹೊಸ 150 ಹಾಕಿಸಿಕೊಂಡ ಎಷ್ಟೋ ಬೈಕುಗಳ ಮುಂದಿನ ಟೈರ್ ಬೋಳುತಲೆಯ ಹಾಗೆ ಹೊಳೆಯುತ್ತಿರುತ್ತದೆ. ಯಾಕೆ? ಫೋಟೋ ತೆಗೆಯುವುದು ಹಿಂದಿನಿಂದ. ಕಡೂರು, ಬೀರೂರು ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆ ಮೇಲೇ ಒಕ್ಕಣೆಗೆ ಹರಡುತ್ತಾರೆ (ಅದು ಬೇರೆಯೇ ಜಗಳ, ಇನ್ನೊಮ್ಮೆ ಬರೆಯುತ್ತೇವೆ). ಆ ಹುಲ್ಲಿನ ಮೇಲೆ ಬ್ರೇಕ್ ಹಿಡಿದವನಿಗೆ ಹಿಂದಿನ ಟೈರಿನ ಅಗಲದಿಂದ ಏನೂ ಆಗಬೇಕಾದ್ದಿಲ್ಲ.

ಇದರ ಜೊತೆಗೆ ಹಳೇ ಟೈರಿನ ವ್ಯಾಪಾರ. ದೊಡ್ಡ ಬೈಕಿನಿಂದ ಬಿಚ್ಚಿದ ಫಾರಿನ್ ಟೈರ್, ಅರ್ಧ ರೇಟು, ಪಾಲಿಶ್ ಹಾಕಿ ಕಪ್ಪಗೆ ಮಿಂಚಿಸಿ ಇಟ್ಟಿರುತ್ತಾರೆ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ರಬ್ಬರ್ ಗಟ್ಟಿಯಾದ ಮೇಲೆ ಬ್ರ್ಯಾಂಡ್ ಯಾವುದಾದರೇನು? ಅಳತೆಯ ಪಕ್ಕದಲ್ಲೇ 66ಎಚ್ ಎಂಬಂಥ ಗುರುತೂ ಇರುತ್ತದೆ. 66 ಅಂದರೆ ಆ ಟೈರ್ 300 ಕೆ.ಜಿ. ಹೊರಬಲ್ಲದು, ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗ ತಾಳಬಲ್ಲದು. ಪಿ ಇದ್ದರೆ 150, ಎಸ್ ಇದ್ದರೆ 180. ಕಂಪನಿ ಕೊಟ್ಟ ಟೈರಿಗಿಂತ ಇವೆರಡೂ ಕಮ್ಮಿ ಇರಕೂಡದು, ಅಷ್ಟೇ.

ಅಳತೆಯನ್ನು ಯಾವತ್ತೂ ಮುಟ್ಟಲೇಬಾರದು ಎಂಬ ವಾದ ನಮ್ಮದಲ್ಲ. ಎನ್‌ಎಸ್ 200ಕ್ಕೆ 130/70ರ ಬದಲು 140/70 ಹಾಕುವವರಿದ್ದಾರೆ. ರಿಮ್ ಆ ಟೈರ್ ಕಂಪನಿಯ ಪಟ್ಟಿಯೊಳಗೆ ಬಂದರೆ, ಚೈನ್, ಮಡ್‌ಗಾರ್ಡ್, ಸ್ವಿಂಗ್‌ಆರ್ಮ್‌ಗೆ ತಾಗದೆ ಜಾಗ ಉಳಿದರೆ ಓಡಿಸಬಹುದು. ಆದರೆ ಟೈರಿನ ವ್ಯಾಸ 14 ಮಿಲಿಮೀಟರ್ ಹೆಚ್ಚಾಗುತ್ತದೆ, ಸುತ್ತಳತೆ ಸುಮಾರು 44 ಮಿಲಿಮೀಟರ್. ಗೇರ್ ಅಷ್ಟು ಭಾರವಾಗುತ್ತದೆ, ಪಿಕಪ್ ಇಳಿಯುತ್ತದೆ, ಟೈರಿನ ತೂಕ ಸೇರಿ ಮೈಲೇಜೂ ಇಳಿಯುತ್ತದೆ. ಗೊತ್ತಿದ್ದು ಮಾಡಿಕೊಂಡರೆ ಅವರವರ ಇಷ್ಟ. ಗೊತ್ತಿಲ್ಲದವನಿಗೆ ಗ್ರಿಪ್ ಹೆಸರಲ್ಲಿ ಮಾರುವುದನ್ನು ನಾವು ವ್ಯಾಪಾರ ಅಂತ ಕರೆಯುವುದಿಲ್ಲ. ಅದೇ ದುಡ್ಡಲ್ಲಿ ಕಂಪನಿ ಅಳತೆಯದೇ, ಒಳ್ಳೆ ರಬ್ಬರಿನ, ಹೊಸ ತಾರೀಖಿನ ಎರಡು ಟೈರ್ ಬರಬಹುದು, ಮುಂದಕ್ಕೊಂದು ಹಿಂದಕ್ಕೊಂದು. ಬಾಣದ ಗುರುತು ನೋಡಿ ಹಾಕಿಸಿ, ಬೈಕಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟು ಗಾಳಿ ಹಿಡಿಸಿದರೆ ಅದಕ್ಕಿಂತ ದೊಡ್ಡ ಅಪ್‌ಗ್ರೇಡ್ ಬೇಕಾಗಿಲ್ಲ.

ಕೊನೆಯದಾಗಿ ಪೊಲೀಸ್ ಇಲಾಖೆಗೂ ಆರ್‌ಟಿಒಗೂ ಒಂದು ಮಾತು. ಬೈಕ್ ಜಾರಿ ಬಿದ್ದು ಹುಡುಗ ಸತ್ತರೆ ಕಾಗದದಲ್ಲಿ "ಅತಿವೇಗ ಮತ್ತು ಅಜಾಗರೂಕತೆ" ಎಂಬ ಸಾಲು ಬಂದುಬಿಡುತ್ತದೆ. ಮರುದಿನದ ಪತ್ರಿಕೆಯಲ್ಲಿ "ನಿಯಂತ್ರಣ ತಪ್ಪಿ". ವೇಗ ಇರಲಿಲ್ಲ ಅಂತ ನಾವು ಹೇಳುತ್ತಿಲ್ಲ. ಆದರೆ ಸ್ಥಳ ಮಹಜರಿನಲ್ಲಿ, ವಾಹನ ತಪಾಸಣೆಯ ವರದಿಯಲ್ಲಿ ಎರಡೂ ಟೈರಿನ ಅಳತೆ, ತಾರೀಖು, ಸವೆತ, ರಿಮ್‌ನ ಅಗಲ ಇಷ್ಟನ್ನು ಬರೆಯಲು ಐದು ನಿಮಿಷ ಸಾಕು. ಬರೆದರೆ ಒಂದು ವರ್ಷದಲ್ಲಿ ಯಾವ ಅಳತೆಯ ಬೈಕುಗಳು ಎಲ್ಲಿ ಬಿದ್ದವು ಅಂತ ತಾಲ್ಲೂಕುವಾರು ಲೆಕ್ಕ ಸಿಗುತ್ತದೆ. ಅಲ್ಲಿಯತನಕ ನಮ್ಮ ಓದುಗರು ಒಂದು ಕೆಲಸ ಮಾಡಬಹುದು. ನಿಮ್ಮ ಊರಿನ ಟೈರ್ ಅಂಗಡಿಗೆ ಹೋಗಿ "ನನ್ನ ಬೈಕಿನ ಹಿಂದಿನ ರಿಮ್ ಎಷ್ಟು ಇಂಚು ಅಗಲ?" ಅಂತ ಕೇಳಿ. ಏನು ಉತ್ತರ ಬಂತು, ಊರಿನ ಹೆಸರು ಸಮೇತ ನಮಗೆ ಬರೆದು ಕಳಿಸಿ.